ತರ್ದವಾಡಿಯ ಬಿಜ್ಜಳ

ಬಿಜ್ಜಳ ಯಾರು ಎಂದು ವಿಜಯಪುರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಉತ್ತರ ಬಸವಣ್ಣನಿಂದಲೇ ಶುರುವಾಗುತ್ತದೆ. ಬಸವಣ್ಣ ಯಾರ ಭಂಡಾರಿಯಾಗಿದ್ದನೋ ಆ ರಾಜ, ಹರಳಯ್ಯ ಮಧುವರಸರಿಗೆ ಎಳೆಹೂಟೆ ಶಿಕ್ಷೆ ಕೊಟ್ಟ ರಾಜ, ಕೊನೆಗೆ ಜಗದೇವನ ಕೈಯಲ್ಲಿ ಸತ್ತ ರಾಜ. ಅವನ ಮನೆತನ ಯಾವುದು, ಯಾವ ಊರಿನಿಂದ ಬಂದ, ಚಾಳುಕ್ಯರ ಸಿಂಹಾಸನ ಅವನ ಕೈಗೆ ಹೇಗೆ ಸಿಕ್ಕಿತು, ಎಷ್ಟು ವರ್ಷ ಆಳಿದ ಎಂದು ಮುಂದಕ್ಕೆ ಕೇಳಿದರೆ ಮಾತು ನಿಂತುಬಿಡುತ್ತದೆ. ಒಂದು ಚಕ್ರವರ್ತಿ ಪದವಿಯನ್ನೇ ಕೈವಶ ಮಾಡಿಕೊಂಡವನ ಬದುಕು ಹೀಗೆ ಇನ್ನೊಬ್ಬರ ಕಥೆಯ ಕೊನೆಯ ಅಧ್ಯಾಯಕ್ಕೆ ಸೀಮಿತವಾಗಿ ಉಳಿದಿದೆ. ಬಿಜ್ಜಳ ಕಲ್ಯಾಣದ ಅರಸನಾಗುವ ಮೊದಲು ತರ್ದವಾಡಿಯ ಅರಸ. ಆ ನೆಲದಿಂದ, ಆ ನೆಲದ ಕಲ್ಲುಗಳಿಂದ ಅವನನ್ನು ಓದಲು ಹೊರಟರೆ ಇಷ್ಟು ದಿನ ಕೇಳಿದ ಕಥೆಯ ಅರ್ಧ ಭಾಗ ಅಲುಗಾಡುತ್ತದೆ ಎಂಬುದು ನನ್ನ ವಾದ.

ತರ್ದವಾಡಿ ಸಾಸಿರ ಎಂದು ಶಾಸನಗಳು ಕರೆಯುವ ಸೀಮೆಗೆ ಹೆಸರು ಕೊಟ್ಟ ಊರು ಇಂಡಿ ಭಾಗದ ಭೀಮಾ ತೀರದ ತದ್ದೇವಾಡಿ. ಇಂದು ಅದೊಂದು ಸಾಧಾರಣ ಹಳ್ಳಿ. ಆದರೆ ಹತ್ತನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಕರ್ನಾಟಕದ ರಾಜಕಾರಣದ ಕೀಲಿ ಈ ಸೀಮೆಯಲ್ಲಿತ್ತು. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯಲ್ಲಿ 965ರ ಒಂದು ಶಾಸನವಿದೆ. ರಾಷ್ಟ್ರಕೂಟ ಮೂರನೇ ಕೃಷ್ಣ ತನ್ನ ಸಾಮಂತ ಎರಡನೇ ತೈಲಪನಿಗೆ ತರ್ದವಾಡಿಯನ್ನು ಅಣುಗಜೀವಿತವಾಗಿ, ಅಂದರೆ ಪ್ರೀತಿಯ ಸೇವಕನಿಗೆ ಕೊಡುವ ಉಂಬಳಿಯಾಗಿ ಬಿಟ್ಟುಕೊಟ್ಟಿದ್ದ ಎಂದು ಅದು ಹೇಳುತ್ತದೆ. ಎಂಟು ವರ್ಷ ಕಳೆಯುವುದರೊಳಗೆ, 973ರಲ್ಲಿ, ಆ ಸೇವಕನೇ ರಾಷ್ಟ್ರಕೂಟರನ್ನು ಕಿತ್ತು ಹಾಕಿ ಕಲ್ಯಾಣ ಚಾಳುಕ್ಯ ವಂಶವನ್ನು ಸ್ಥಾಪಿಸಿದ. ಸುಮಾರು 190 ವರ್ಷಗಳ ನಂತರ ಅದೇ ಚಾಳುಕ್ಯರನ್ನು ಕಿತ್ತವನು ಅದೇ ತರ್ದವಾಡಿಯ ಇನ್ನೊಬ್ಬ ಮಹಾಮಂಡಲೇಶ್ವರ, ಬಿಜ್ಜಳ. ಇದನ್ನು ಕಾಕತಾಳೀಯ ಎಂದು ನಾನು ಒಪ್ಪುವುದಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇಂದಿಗೂ ಬಳಕೆಯಲ್ಲಿರುವ ಎರೆಭೂಮಿ ಇದು. ದಂಡಿಗೆ ಕಾಳು, ಕುದುರೆಗೆ ಕಣಿಕೆ ಇಲ್ಲಿಯೇ ಹುಟ್ಟುತ್ತಿತ್ತು. ಮಳಖೇಡವಾಗಲಿ ಕಲ್ಯಾಣವಾಗಲಿ ರಾಜಧಾನಿಯ ಮಗ್ಗುಲಲ್ಲೇ ಇಂಥ ಸೀಮೆ ಯಾರ ಕೈಯಲ್ಲಿರುತ್ತದೋ ಅವನು ಸಾಮಂತನಾಗಿಯೇ ಉಳಿಯಲು ತುಂಬ ನಿಷ್ಠೆ ಬೇಕು.

ನಾಡು ಬರೀ ಜೋಳದ್ದೂ ಆಗಿರಲಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ 945ರ ಶಾಸನ ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳು ಉಳಿದು ಓದುತ್ತಿದ್ದ ದೊಡ್ಡ ಶಾಲೆಯ ವಿಷಯ ಹೇಳುತ್ತದೆ. ಬರಹ, ಲೆಕ್ಕ, ಶಾಸ್ತ್ರ ಬಲ್ಲವರು ತಲೆಮಾರುಗಳಿಂದ ಇದ್ದ ಜಾಗ. ಬಾಗೇವಾಡಿಯ ಅಗ್ರಹಾರದ ಹುಡುಗ ಬಸವಣ್ಣ ಬಿಜ್ಜಳನ ಮಂಗಳವೇಢೆಯಲ್ಲಿ ಕರಣಿಕನಾಗಿ ಸೇರಿ ಭಂಡಾರಿಯಾಗುವಷ್ಟು ಬೆಳೆದದ್ದಕ್ಕೆ ಇದೂ ಹಿನ್ನೆಲೆ.

ಬಿಜ್ಜಳನ ಮನೆತನವಾದ ಕಳಚುರಿಗಳ ಮೂಲ ಉತ್ತರದಲ್ಲಿ ಎಂಬುದು ಅವರದೇ ಹೇಳಿಕೆ. ಕಾಲಂಜರ ಪುರವರಾಧೀಶ್ವರ ಎಂಬ ಬಿರುದನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಹರಿಹರದ ಒಂದು ಶಾಸನದಲ್ಲಿ ಅವರ ಮೂಲಪುರುಷನ ಕಥೆ ಇದೆ: ಶಿವನಿಂದ ಬ್ರಾಹ್ಮಣ ಹೆಣ್ಣಿನಲ್ಲಿ ಹುಟ್ಟಿದ ಕೃಷ್ಣನೆಂಬವನು ಕ್ಷೌರಿಕನ ವೇಷದಲ್ಲಿ ಕಾಲಂಜರದ ಅರಮನೆ ಹೊಕ್ಕು, ಅಲ್ಲಿದ್ದ ನರಭಕ್ಷಕ ದೊರೆಯನ್ನು ಕೊಂದು ಡಾಹಳ ಮಂಡಲವನ್ನು ವಶಪಡಿಸಿಕೊಂಡ. ಕಥೆಯ ಸತ್ಯಾಸತ್ಯತೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಆಕಾರ. ಸೇವಕನಾಗಿ ಹತ್ತಿರ ಸೇರಿ ದೊರೆಯ ಜಾಗದಲ್ಲಿ ಕೂರುವುದು ಈ ವಂಶ ತನ್ನ ಬಗ್ಗೆ ತಾನೇ ಹೇಳಿಕೊಂಡ ಹೆಮ್ಮೆಯ ಕಥೆ. ಗಿರೀಶ ಕಾರ್ನಾಡರು 1990ರ ತಲೆದಂಡ ನಾಟಕದಲ್ಲಿ ತನ್ನ ಹುಟ್ಟಿನ ಜಾತಿ ಹೇಳಿಕೊಂಡು ಕುದಿಯುವ ಬಿಜ್ಜಳನನ್ನು ಸೃಷ್ಟಿಸಲು ಕ್ಷೌರಿಕನ ಈ ಎಳೆಯೇ ಆಸರೆಯಾಯಿತು.

ದಕ್ಷಿಣದಲ್ಲಿ ಅವರ ನೆಲೆ ಮಂಗಳವೇಢೆ, ಇಂದಿನ ಸೊಲ್ಲಾಪುರ ಜಿಲ್ಲೆ. ಇಂಡಿಯಿಂದ ಸ್ವಲ್ಪ ದೂರ ಹೋದರೆ ಸಿಗುವ ಊರು. ರಾಜ್ಯಗಳ ಗಡಿ ಬಂದ ಮೇಲೆ ನಾವು ಅದನ್ನು ಮರಾಠಿ ಸಂತರ ಊರೆಂದು ಮಾತ್ರ ನೆನೆಯುತ್ತೇವೆ. ಕನ್ನಡ ಇತಿಹಾಸದ ಒಂದು ರಾಜಧಾನಿ ಅಲ್ಲಿತ್ತು ಎಂಬುದು ಪಠ್ಯಪುಸ್ತಕದ ಸಾಲಾಗಿ ಉಳಿದಿದೆ. ಜೋಗಮನ ಕಾಲಕ್ಕೆ ಈ ಮನೆತನ ಚಾಳುಕ್ಯರಿಗೆ ಹೆಣ್ಣು ಕೊಡುವಷ್ಟು ಮೇಲೆ ಬಂದಿತ್ತು. ಅವನ ಮಗಳು ಸಾವಳದೇವಿ ಆರನೇ ವಿಕ್ರಮಾದಿತ್ಯನ ರಾಣಿಯರಲ್ಲೊಬ್ಬಳು. ಜೋಗಮನ ಮಗ ಪೆರ್ಮಾಡಿ ಮೂರನೇ ಸೋಮೇಶ್ವರನ ಕೈಕೆಳಗೆ ತರ್ದವಾಡಿ ಆಳಿದ. ಪೆರ್ಮಾಡಿಯ ಮಗ ನಮ್ಮ ಬಿಜ್ಜಳ. ಅಂದರೆ ಚಾಳುಕ್ಯ ಅರಮನೆ ಅವನಿಗೆ ಹೊರಗಿನದಾಗಿರಲಿಲ್ಲ, ನೆಂಟರ ಮನೆ. ಮುಂದೆ ತನ್ನ ಮಗಳು ಸಿರಿಯಾದೇವಿಯನ್ನು ಅವನು ಯಲಬುರ್ಗಿಯ ಸಿಂದ ಎರಡನೇ ಚಾವುಂಡನಿಗೆ ಕೊಟ್ಟದ್ದರಲ್ಲೂ ಇದೇ ಲೆಕ್ಕಾಚಾರ ಕಾಣುತ್ತದೆ.

ಪಟ್ಟ ಕೈಸೇರಿದ ಬಗೆ ಒಂದು ರಾತ್ರಿಯ ದಂಗೆಯಂತಿರಲಿಲ್ಲ. ಶಾಸನಗಳನ್ನು ವರ್ಷವಾರು ಜೋಡಿಸಿದರೆ ಅದು ಕಣ್ಣೆದುರೇ ನಡೆಯುತ್ತದೆ. ಅಂದಿನ ಶಾಸನಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಮೇಲೆ ಲಿಂಗ, ಪೂಜಿಸುವ ಯತಿ, ಹಸು ಕರು, ಸೂರ್ಯ ಚಂದ್ರ. ಕೆಳಗೆ ಮೊದಲು ಚಕ್ರವರ್ತಿಯ ಹೆಸರು ಮತ್ತು ಬಿರುದು, ಅವನ ರಾಜ್ಯ ಸೂರ್ಯಚಂದ್ರರಿರುವವರೆಗೆ ನಡೆಯಲೆಂಬ ಹಾರೈಕೆ, ಆಮೇಲೆ ಅವನ ಪಾದಪದ್ಮೋಪಜೀವಿಯಾದ ಸಾಮಂತನ ಹೆಸರು, ಕಡೆಗೆ ದಾನ. ಬಿಜ್ಜಳ ಮೊದಲು ಈ ಎರಡನೆಯ ಜಾಗದಲ್ಲಿ, ಮಹಾಮಂಡಲೇಶ್ವರನಾಗಿ ನಿಂತಿದ್ದಾನೆ. 1150ರ ಸುಮಾರಿಗೆ ಪಟ್ಟಕ್ಕೆ ಬಂದ ಮೂರನೇ ತೈಲಪ ದುರ್ಬಲ. ಕಾಕತೀಯ ಪ್ರೋಲ ಅವನನ್ನು ಹಿಡಿದು ಬಿಟ್ಟ ಮೇಲೆ ಚಕ್ರವರ್ತಿಯ ಮಾನ ಉಳಿಯಲಿಲ್ಲ. ಅಲ್ಲಿಂದ ಬಿಜ್ಜಳನ ಬಿರುದುಗಳು ಉದ್ದವಾಗತೊಡಗುತ್ತವೆ. 1157ರ ಹೊತ್ತಿಗೆ ಭುಜಬಲ ಚಕ್ರವರ್ತಿ ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಕೆಲವು ಕಲ್ಲುಗಳು ಇನ್ನೂ ತೈಲಪನ ಹೆಸರು ಹೇಳುತ್ತಿರುವಾಗಲೇ ಬೇರೆ ಕೆಲವು ಅದನ್ನು ಬಿಟ್ಟು ನೇರ ಬಿಜ್ಜಳನ ವರ್ಷಗಳನ್ನು ಎಣಿಸುತ್ತವೆ. 1162ರ ಹೊತ್ತಿಗೆ ಅವನು ತ್ರಿಭುವನಮಲ್ಲ, ಪೂರ್ಣ ಚಕ್ರವರ್ತಿ, ನೆಲೆ ಕಲ್ಯಾಣ. ತೈಲಪ ಅಣ್ಣಿಗೇರಿಯತ್ತ ಸರಿದಿದ್ದ. ಕಾಕತೀಯ ರುದ್ರನ 1163ರ ಹನುಮಕೊಂಡ ಶಾಸನ, ತೈಲಪ ರುದ್ರನ ಭಯದಿಂದ ಅತಿಸಾರವಾಗಿ ಸತ್ತ ಎಂದು ಹೇಳುತ್ತದೆ. ಗೆದ್ದವರ ಕೊಚ್ಚಿಕೆಯ ಮಾತದು, ನಿಜ. ಆದರೆ ಒಂದು ವಂಶದ ಗೌರವ ಎಲ್ಲಿಗೆ ಇಳಿದಿತ್ತು ಎಂಬುದಕ್ಕೆ ಅದಕ್ಕಿಂತ ಕ್ರೂರ ಸಾಕ್ಷಿ ಬೇಡ.

ಬಿಜ್ಜಳನನ್ನು ರಾಜದ್ರೋಹಿ ಎಂದು ತಳ್ಳಿಬಿಡುವವರು ಈ ನಿಧಾನವನ್ನು ಗಮನಿಸಬೇಕು. ಅವನು ಕುಸಿಯುತ್ತಿದ್ದ ಮನೆಯ ಆಡಳಿತವನ್ನು ಹಿಡಿದು ನಿಲ್ಲಿಸಿ, ಹಿಡಿದವನೇ ಯಜಮಾನನಾದ. ಅದು ದ್ರೋಹವೇ, ಎರಡನೇ ತೈಲಪ ಮಾಡಿದ್ದೂ ಅದೇ. ಒಬ್ಬನನ್ನು ವಂಶಸ್ಥಾಪಕ ಎಂದು, ಇನ್ನೊಬ್ಬನನ್ನು ಅಪಹಾರಿ ಎಂದು ಕರೆಯಲು ಒಂದೇ ಕಾರಣ: ತೈಲಪನ ವಂಶ ಎರಡು ಶತಮಾನ ನಿಂತಿತು, ಬಿಜ್ಜಳನದು ಮೂವತ್ತು ವರ್ಷವನ್ನೂ ದಾಟಲಿಲ್ಲ.

ಅವನ ಆಳ್ವಿಕೆಯ ಹದ ತಿಳಿಯಲು ಬಳ್ಳಿಗಾವೆಯ 1162ರ ಶಾಸನಕ್ಕಿಂತ ಒಳ್ಳೆಯ ಕಿಟಕಿ ಇಲ್ಲ. ದಕ್ಷಿಣದ ನಾಡುಗಳನ್ನು ಹತೋಟಿಗೆ ತರಲು ಬಂದ ಬಿಜ್ಜಳ ಅಲ್ಲಿ ಬೀಡುಬಿಟ್ಟಿದ್ದಾಗ, ದಂಡನಾಯಕ ಕಸಪಯ್ಯನಾಯಕನ ಅರಿಕೆಯ ಮೇರೆಗೆ ದಕ್ಷಿಣ ಕೇದಾರೇಶ್ವರಕ್ಕೆ ದಾನ ಕೊಟ್ಟ. ಆ ದೇವಸ್ಥಾನದ ಕೋಡಿಯ ಮಠವನ್ನು ಶಾಸನ ವರ್ಣಿಸುವ ರೀತಿ ಓದಿದರೆ ಇಂದಿಗೂ ಮೈ ನವಿರೇಳುತ್ತದೆ. ನಾಲ್ಕು ವೇದಗಳ ಪಾಠ, ಪಾಣಿನಿ ಶಾಕಟಾಯನ ಮೊದಲಾದವರ ವ್ಯಾಕರಣ, ಷಡ್ದರ್ಶನ, ಕಾವ್ಯ ನಾಟಕ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ಜತೆಗೆ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ, ಅಂಜಿ ಬಂದವರಿಗೆ ಅಭಯ. ಇದನ್ನೆಲ್ಲ ಬಿಜ್ಜಳ ಸ್ಥಾಪಿಸಲಿಲ್ಲ, ಮಠ ಹಳೆಯದು. ಆದರೆ ಪಟ್ಟಕ್ಕೆ ಬಂದ ಹೊಸತರಲ್ಲಿ, ಎಲ್ಲ ಕಡೆ ಸಾಮಂತರು ತಲೆ ಎತ್ತುತ್ತಿರುವಾಗ, ಅವನು ತನ್ನ ಹೆಸರನ್ನು ಎಂಥ ಸಂಸ್ಥೆಯ ಜತೆ ಕಟ್ಟಿಕೊಳ್ಳಲು ಬಯಸಿದ ಎಂಬುದು ಮುಖ್ಯ. ಅದು ಕಾಳಾಮುಖ ಶೈವರ ಮಠ.

ಇಲ್ಲಿಗೆ ಬಿಜ್ಜಳನ ಧರ್ಮದ ಪ್ರಶ್ನೆ ಬರುತ್ತದೆ. ಅವನು ಜೈನ, ಶಿವಭಕ್ತರನ್ನು ಪೀಡಿಸಿದವ ಎಂಬ ಮಾತು ಎಷ್ಟು ಹರಡಿದೆಯೆಂದರೆ ಅದನ್ನು ಪರೀಕ್ಷಿಸಬೇಕೆಂದೇ ಅನೇಕರಿಗೆ ಅನ್ನಿಸುವುದಿಲ್ಲ. ಕಳಚುರಿಗಳ ಧ್ವಜದಲ್ಲಿದ್ದದ್ದು ಸುವರ್ಣ ವೃಷಭ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿದೆ. ಸುಮಾರು 1200ರ ಅಲ್ಲಿನ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ವಾದಕ್ಕೆ ಬಿದ್ದ ರಾಮಯ್ಯ, ತಲೆಯನ್ನು ಶಿವನಿಗೆ ಅರಿದು ಒಪ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ಕಿತ್ತು ಶಿವನನ್ನು ನಿಲ್ಲಿಸಬೇಕೆಂದು ಓಲೆ ಬರೆಸಿಕೊಂಡ. ಏಳನೆಯ ದಿನಕ್ಕೆ ತಲೆ ಮರಳಿತಂತೆ. ಒಪ್ಪಂದ ಮುರಿದವರ ಬಸದಿಯನ್ನು ಅವನು ಒಡೆದ. ಜೈನರು ದೂರು ಕೊಟ್ಟದ್ದು ಬಿಜ್ಜಳನಿಗೆ. ಬಿಜ್ಜಳ ರಾಮಯ್ಯನನ್ನು ಕರೆಸಿದ, ಓಲೆ ನೋಡಿದ, ಜೈನರಿಗೆ ಸುಮ್ಮನಿರಿ ಎಂದು ಹೇಳಿ ರಾಮಯ್ಯನಿಗೆ ಜಯಪತ್ರ ಕೊಟ್ಟ. ವೀರಸೋಮನಾಥ ದೇವಸ್ಥಾನಕ್ಕೆ ಊರನ್ನೂ ಬಿಟ್ಟ. ಆ ದೇವಸ್ಥಾನದಲ್ಲಿ ಈ ಕಥೆಯನ್ನು ಬರಹದ ಸಮೇತ ಕಲ್ಲಿನಲ್ಲಿ ಕೊರೆದಿದ್ದಾರೆ. ಪವಾಡವನ್ನು ಬದಿಗಿಟ್ಟರೂ, ಶೈವರೇ ಬರೆಸಿದ ಈ ಕಲ್ಲು ಬಿಜ್ಜಳನನ್ನು ಶೈವರ ಪರವಾಗಿ ತೀರ್ಪು ಕೊಟ್ಟವನೆಂದು ನೆನೆಯುತ್ತದೆ. ಅವನು ಸತ್ತು ಮೂರ್ನಾಲ್ಕು ದಶಕವಷ್ಟೇ ಆಗಿತ್ತು. ಜೈನ ಬಿಜ್ಜಳನ ಚಿತ್ರ ಇದಕ್ಕಿಂತ ಬಹಳ ಈಚಿನದು. ಬಿಜ್ಜಳ ಶೈವನೇ ಎಂದು ಪಿ.ಬಿ. ದೇಸಾಯಿ ಅವರು ಶಾಸನಗಳ ಆಧಾರದ ಮೇಲೆ ವಾದಿಸಿದರು. ನನಗೆ ಅದು ಸರಿ ಎನ್ನಿಸುತ್ತದೆ.

ಹಾಗಿದ್ದರೆ ಶರಣರೊಡನೆ ಜಗಳ ಎಲ್ಲಿ ಹುಟ್ಟಿತು? ಶಿವಭಕ್ತಿಯ ಬಗ್ಗೆ ಜಗಳವಿರಲು ಸಾಧ್ಯವಿಲ್ಲ. ರಾಜನಿಗೆ ಬೇಕಾಗಿದ್ದದ್ದು ಮಠ, ಅಗ್ರಹಾರ, ಸಾಮಂತರು ಎಲ್ಲರನ್ನೂ ಒಟ್ಟಿಗೆ ಹಿಡಿದಿಡುವ ಶೈವ. ಬಾಗೇವಾಡಿಯಿಂದ ಬಂದ ಅವನ ಭಂಡಾರಿ ಕಟ್ಟುತ್ತಿದ್ದ ಶೈವ ಜನಿವಾರವನ್ನು, ಹುಟ್ಟಿನ ಮೇಲುಕೀಳನ್ನು, ಸ್ಥಾವರವನ್ನು ಪ್ರಶ್ನಿಸುವಂಥದ್ದು. ಕಳಚುರಿಗಳಿಗೆ ಹುಟ್ಟಿನ ಹಕ್ಕು ಇರಲಿಲ್ಲ. ಹುಟ್ಟಿನ ಹಕ್ಕನ್ನೇ ಅಲ್ಲಗಳೆಯುವ ಚಳವಳಿ ಬಿಜ್ಜಳನಿಗೆ ಮೊದಲು ಅನುಕೂಲವಾಗಿಯೂ ಕಂಡಿರಬಹುದು, ಆಮೇಲೆ ಅಪಾಯವಾಗಿಯೂ ಕಂಡಿರಬಹುದು. ಇದು ನನ್ನ ಊಹೆ. ಆದರೆ ಶಾಸನದ ಬಿಜ್ಜಳನನ್ನೂ ಪುರಾಣದ ಬಿಜ್ಜಳನನ್ನೂ ಒಂದೇ ಮನುಷ್ಯನೊಳಗೆ ಕೂಡಿಸಲು ನನಗೆ ಬೇರೆ ದಾರಿ ಕಂಡಿಲ್ಲ.

ಬಸವಣ್ಣ ಮತ್ತು ಬಿಜ್ಜಳರನ್ನು ಒಟ್ಟಿಗೆ ಹೇಳುವ ಸಮಕಾಲೀನ ಶಾಸನಕ್ಕಾಗಿ ವಿದ್ವಾಂಸರು ಹುಡುಕದ ಜಾಗವಿಲ್ಲ. ಬಾಗೇವಾಡಿ ತಾಲ್ಲೂಕಿನ ಮನಗೂಳಿಯಲ್ಲಿ ಬಿಜ್ಜಳನ ಕಾಲದ 1161ರ ಶಾಸನವಿದೆ. ಅದರಲ್ಲಿ ಬಸವಣ್ಣನ ತಂದೆಯ ಹೆಸರೇ ಇರುವ ಮಾದಿರಾಜ ಎಂಬ ಮಹಾಪ್ರಭುವೂ ಇದ್ದಾನೆ, ಬಸವ ಎಂಬ ಶಿವಭಕ್ತನೂ ಇದ್ದಾನೆ. ಜೆ.ಎಫ್. ಫ್ಲೀಟ್ ಅದನ್ನು ಪ್ರಕಟಿಸಿದಾಗ ಸಹಜವಾಗಿಯೇ ಕಣ್ಣರಳಿಸಿದರು. ಆದರೆ ಈ ಬಸವ ಚಂದಿರಾಜನ ಮಗ, ಮಾದಿರಾಜನ ಮಗನಲ್ಲ. ಹೆಸರು ಕೂಡಿತು, ನಂಟು ಕೂಡಲಿಲ್ಲ. ಬಸವಣ್ಣ ಚಾರಿತ್ರಿಕ ವ್ಯಕ್ತಿಯೇ ಎಂಬ ಸಂಶಯ ಕೆಲವರಲ್ಲಿ ಹುಟ್ಟಿದ್ದೂ ಆ ದಿನಗಳಲ್ಲೇ. ಅದನ್ನು ತೊಡೆದು ಹಾಕಿದ್ದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ. ಸೇವುಣ ಕನ್ನರನ ಕಾಲದ ಆ ಕಲ್ಲು ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಎಂದು ಊರು, ನಾಡು, ತಂದೆ ಮೂರನ್ನೂ ಹೇಳುತ್ತದೆ. ಇಂಥ ಕಲ್ಲುಗಳನ್ನು ಒಂದೆಡೆ ಕಲೆಹಾಕಿ ಶಾಸನಗಳಲ್ಲಿ ಶಿವಶರಣರು ಎಂಬ ಪುಸ್ತಕ ಮಾಡಿದವರು ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ. ತರ್ದವಾಡಿಯ ಮಗನೊಬ್ಬ ತರ್ದವಾಡಿಯ ಕಾಲವನ್ನು ಕಲ್ಲಿನಿಂದ ಬಿಡಿಸಿಕೊಟ್ಟ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಈ ವಿಷಯದ ಬಗ್ಗೆ ಬರೆಯುವ ಯಾರೂ ಆ ಸಾವನ್ನು ದಾಟಿಕೊಂಡು ಹೋಗಲಾಗದು.

ಕಾವ್ಯ ಪುರಾಣಗಳತ್ತ ಬಂದರೆ, ಕಾಲ ಸರಿದಂತೆ ಬಿಜ್ಜಳ ಕಪ್ಪಾಗುತ್ತ ಹೋಗುವುದು ಸ್ಪಷ್ಟ. ಎಲ್ಲಕ್ಕಿಂತ ಹಳೆಯದಾದ ಹರಿಹರನ ಬಸವರಾಜದೇವರ ರಗಳೆಯಲ್ಲಿ ಕಥೆ ನಡೆಯುವುದು ಮಂಗಳವೇಢೆಯಲ್ಲಿ. ಚಾಡಿ ಕೇಳಿ ಭಂಡಾರದ ಲೆಕ್ಕ ಕೇಳುವ, ಲೆಕ್ಕ ಸರಿಬಂದಾಗ ತಲೆಬಾಗುವ ರಾಜ ಅಲ್ಲಿದ್ದಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ ಹೇಳುವಂತೆ ಬಿಜ್ಜಳ ಹಲ್ಲಯ್ಯ ಮಧುವಯ್ಯರೆಂಬ ಶರಣರ ಕಣ್ಣು ಕೀಳಿಸುತ್ತಾನೆ. ಜಗದೇವ, ಮಲ್ಲಯ್ಯ, ಬೊಮ್ಮಯ್ಯರು ಅವನನ್ನು ಕೊಲ್ಲುತ್ತಾರೆ. ಇಲ್ಲಿ ಮದುವೆಯ ಮಾತಿಲ್ಲ. ನಾವು ಇಂದು ಎದೆಯಲ್ಲಿಟ್ಟುಕೊಂಡಿರುವ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಯ ಪ್ರಸಂಗ ಇನ್ನೂ ಈಚಿನ ಪುರಾಣಗಳಲ್ಲಿ ಬೆಳೆದದ್ದು. ಹದಿನೇಳನೆಯ ಶತಮಾನದ ಧರಣಿಪಂಡಿತನ ಬಿಜ್ಜಳರಾಯಚರಿತೆ ಜೈನರ ಕಡೆಯ ಉತ್ತರ. ಅದರಲ್ಲಿ ಕೊಲ್ಲಾಪುರದ ಶಿಲಾಹಾರರ ಮೇಲಿನ ದಂಡಯಾತ್ರೆ ಮುಗಿಸಿ ಬರುವ ಬಿಜ್ಜಳ ಭೀಮಾ ತೀರದಲ್ಲಿ ಬೀಡುಬಿಟ್ಟಾಗ ಬಸವಣ್ಣ ಕಳಿಸಿದ ವಿಷದ ಹಣ್ಣು ತಿಂದು ಸಾಯುತ್ತಾನೆ. ಎರಡೂ ಕಡೆಯವರಿಗೆ ಕೊಲೆ ಬೇಕಿತ್ತು: ಒಬ್ಬರಿಗೆ ಪಾಪದ ಫಲವಾಗಿ, ಇನ್ನೊಬ್ಬರಿಗೆ ಬಸವಣ್ಣನ ಮೇಲಿನ ಆರೋಪವಾಗಿ.

ಶಾಸನಗಳು ಕೊಲೆಯ ಮಾತೇ ಎತ್ತುವುದಿಲ್ಲ. ಅವುಗಳ ಪ್ರಕಾರ 1167ರ ಹೊತ್ತಿಗೆ ಪಟ್ಟ ಮಗ ರಾಯಮುರಾರಿ ಸೋವಿದೇವನಿಗೆ ಬರುತ್ತದೆ. ಬಿಜ್ಜಳ ತಾನೇ ಬಿಟ್ಟುಕೊಟ್ಟ ಎಂಬುದು ಇತಿಹಾಸಕಾರರಲ್ಲಿ ಹಲವರ ಮತ. ಅದಾಗಿ ಹೆಚ್ಚು ದಿನ ಅವನು ಬದುಕಿದಂತೆ ಕಾಣುವುದಿಲ್ಲ. ತಂದೆಯ ಕೊಲೆಯನ್ನು ಮಗ ಕಲ್ಲಿನಲ್ಲಿ ಕೊರೆಸುತ್ತಿರಲಿಲ್ಲ ಎಂದು ವಾದಿಸಬಹುದು. ಆ ವಾದವನ್ನು ನಾನು ಗೌರವಿಸುತ್ತೇನೆ. ಕಲ್ಯಾಣದಲ್ಲಿ ಶರಣರ ಮೇಲೆ ಭೀಕರವಾದದ್ದು ಏನೋ ನಡೆಯಿತು ಎಂಬ ನೆನಪು ಇಷ್ಟು ಗಟ್ಟಿಯಾಗಿ, ಇಷ್ಟು ಊರುಗಳಲ್ಲಿ ಸುಮ್ಮನೆ ಉಳಿಯುವುದಿಲ್ಲ. ಸಿಂದಗಿ ಭಾಗದ ದೇವರ ಹಿಪ್ಪರಗಿಯವರು ರಾಜನ ದಂಡಿಗೆ ಎದುರು ನಿಂತ ಮಡಿವಾಳ ಮಾಚಿದೇವನನ್ನು ಇಂದಿಗೂ ತಮ್ಮವನೆಂದು ಹೇಳಿಕೊಳ್ಳುತ್ತಾರೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಂಡೆಗೆ ಹೋದರೆ ಬಸವಣ್ಣನ ಹೆಂಡತಿ ನೀಲಮ್ಮ ಐಕ್ಯಳಾದ ಜಾಗ ತೋರಿಸುತ್ತಾರೆ. ಚದುರಿ ಹೋದ ಜನರ ಹೆಜ್ಜೆಗಳಿವು. ಶಿಕ್ಷೆಯ ಆಜ್ಞೆ ಬಿಜ್ಜಳನದೋ, ಪಟ್ಟಕ್ಕೆ ಹೊಸದಾಗಿ ಬಂದ ಸೋವಿದೇವನದೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ರಾಜ್ಯ ಕಳಚುರಿಗಳದ್ದು ಎಂಬುದು ಖಚಿತ. ಹೊಣೆ ಆ ಮನೆತನದ ಮೇಲೆ ಉಳಿಯುತ್ತದೆ.

ಚರಿತ್ರೆ ಯಾರ ಕೈಯಲ್ಲಿ ಬರೆಯಲ್ಪಡುತ್ತದೆ ಎಂಬುದಕ್ಕೆ ದೂರದ ಒಂದು ಜೋಡಿ ನೆನಪಾಗುತ್ತದೆ. ಬಿಜ್ಜಳ ಕಲ್ಯಾಣದಲ್ಲಿದ್ದ ದಿನಗಳಲ್ಲೇ, 1166ರ ಸುಮಾರಿಗೆ, ಬಾಲ್ಕನ್ ಸೀಮೆಯ ಸೆರ್ಬಿಯದಲ್ಲಿ ಸ್ಟೆಫಾನ್ ನೆಮಾನ್ಯ ಎಂಬ ಸ್ಲಾವ್ ದೊರೆ ತನ್ನ ಅಣ್ಣನನ್ನು ತಳ್ಳಿ ಅಧಿಕಾರ ಹಿಡಿದ. ಅವನೂ ಬಿಜ್ಜಳನಂತೆ ಅಪಹಾರಿ. ಅವನ ನಾಡಿನಲ್ಲೂ ಪುರೋಹಿತರನ್ನು, ಇಗರ್ಜಿಯ ವೈಭವವನ್ನು ಒಪ್ಪದ ಬೊಗೊಮಿಲರೆಂಬ ಪಂಥದವರಿದ್ದರು. ನೆಮಾನ್ಯ ಸಭೆ ಕರೆದು ಅವರ ಗುರುವಿನ ನಾಲಿಗೆ ಕತ್ತರಿಸಿದ, ಪುಸ್ತಕಗಳನ್ನು ಸುಡಿಸಿದ. 1196ರಲ್ಲಿ ಪಟ್ಟವನ್ನು ಮಗನಿಗೆ ಬಿಟ್ಟು ಸನ್ಯಾಸಿಯಾಗಿ, 1199ರಲ್ಲಿ ಆಥೋಸ್ ಬೆಟ್ಟದ ಹಿಲಾಂದರ್ ಮಠದಲ್ಲಿ ತೀರಿಕೊಂಡ. ಇಂದು ಅವನು ಸೆರ್ಬಿಯದ ಸಂತ. ಅವನ ಚರಿತ್ರೆ ಬರೆದವರು ಅವನ ಮಕ್ಕಳೇ, ಸಾವಾ ಮತ್ತು ಸ್ಟೆಫಾನ್. ನಾಲಿಗೆ ಕತ್ತರಿಸಿದ್ದನ್ನು ನಾವು ತಿಳಿಯುವುದೂ ಮಗ ಬರೆದ ಹೊಗಳಿಕೆಯಿಂದಲೇ. ನಮ್ಮಲ್ಲಿ ಬರೆದವರು ಪೆಟ್ಟು ತಿಂದವರ ಕಡೆಯವರು. ಕನ್ನಡ ನಾಡಿನಲ್ಲಿ ಸೋತವರ ನಾಲಿಗೆ ಉಳಿಯಿತು, ಅದು ಆಳಿದವನ ಹೆಸರನ್ನು ನಿರ್ಧರಿಸಿತು ಎಂಬುದಕ್ಕೆ ನನಗೆ ಹೆಮ್ಮೆಯಿದೆ. ಆ ಹೆಮ್ಮೆಯ ಜತೆಗೇ ಬಿಜ್ಜಳನ ಪುಟಗಳನ್ನು ನ್ಯಾಯವಾಗಿ ತುಂಬುವ ಹೊಣೆಯೂ ನಮ್ಮದು.

ಬಿಜ್ಜಳನ ಮಕ್ಕಳ ಕಥೆ ಬೇಗ ಮುಗಿಯುತ್ತದೆ. ಸೋವಿದೇವನ ನಂತರ ಸಂಕಮ, ಆಹವಮಲ್ಲ, ಸಿಂಘಣ. 1183ರ ಬೆಹಟ್ಟಿ ತಾಮ್ರಪಟ ಸಿಂಘಣನದು. ಅಷ್ಟು ಹೊತ್ತಿಗೆ ಮೂರನೇ ತೈಲಪನ ಮಗ ನಾಲ್ಕನೇ ಸೋಮೇಶ್ವರ ದಂಡನಾಯಕ ಬ್ರಹ್ಮನ ನೆರವಿನಿಂದ ಚಾಳುಕ್ಯ ಪಟ್ಟವನ್ನು ಮರಳಿ ಪಡೆಯುತ್ತಿದ್ದ. ಆ ಬ್ರಹ್ಮನ ಮ‌ನೆತನ ಅಲ್ಲಿಯವರೆಗೆ ಕಳಚುರಿಗಳ ಸೇವೆಯಲ್ಲಿತ್ತು.

ಬಿಜ್ಜಳನ ಬಗ್ಗೆ ನಾಟಕ, ಕಾದಂಬರಿಗಳಿಗೆ ಕೊರತೆಯಿಲ್ಲ. ಬಿ. ಪುಟ್ಟಸ್ವಾಮಯ್ಯನವರ ಕ್ರಾಂತಿ ಕಲ್ಯಾಣಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲಂಕೇಶರ ಸಂಕ್ರಾಂತಿ, ಶಿವಪ್ರಕಾಶರ ಮಹಾಚೈತ್ರ, ಕಾರ್ನಾಡರ ತಲೆದಂಡ ಮೂರೂ ಅವನನ್ನು ವೇದಿಕೆಯ ನಡುವಿಗೆ ತಂದವು, ಅವನಿಗೆ ಸಂಕಟವನ್ನೂ ಮಾತನ್ನೂ ಕೊಟ್ಟವು. ನಾಟಕಕಾರರು ಮಾಡಿದಷ್ಟನ್ನು ಇತಿಹಾಸ ಬರೆಯುವವರು ಸಾಮಾನ್ಯ ಓದುಗನಿಗೆ ಮಾಡಿಕೊಟ್ಟಿಲ್ಲ ಎಂಬುದು ನನ್ನ ದೂರು. ದೇಸಾಯಿಯವರು ಸಂಪಾದಿಸಿದ ಮುಂಬೈ ಕರ್ನಾಟಕದ ಶಾಸನ ಸಂಪುಟ 1964ರಿಂದ ಅಚ್ಚಿನಲ್ಲಿದೆ, ಬಿಜ್ಜಳನ ಕಾಲದ ಕಲ್ಲುಗಳ ಪಾಠ ಅದರಲ್ಲಿ ಸಿಗುತ್ತದೆ. ಓದಬೇಕಾದದ್ದು ಮೊದಲಿಗೆ 1150ರಿಂದ 1162ರವರೆಗಿನ ತರ್ದವಾಡಿಯ ಶಾಸನಗಳು: ಯಾವ ಊರಿನ ಕಲ್ಲು ಯಾವ ವರ್ಷ ತೈಲಪನ ಹೆಸರು ಬಿಟ್ಟಿತು, ಯಾವ ಊರಿನದು ಕೊನೆಯವರೆಗೂ ಬಿಡಲಿಲ್ಲ ಎಂದು ಒಂದು ನಕ್ಷೆಯ ಮೇಲೆ ಗುರುತು ಹಾಕಿದರೆ, ಬಿಜ್ಜಳನ ಪಟ್ಟಕ್ಕೆ ಇಂಡಿ ಮತ್ತು ಸಿಂದಗಿಯ ಯಾವ ಗಾವುಂಡರು, ಬಾಗೇವಾಡಿ ಮತ್ತು ಮುದ್ದೇಬಿಹಾಳದ ಯಾವ ಮಹಾಜನರು ಮೊದಲು ತಲೆಬಾಗಿದರು ಎಂಬುದು ಗೊತ್ತಾಗುತ್ತದೆ.